ಬೆಂಚಿನ ಮುಂದಿನ ಹುಲ್ಲು

ಮೂರನೆಯವನನ್ನೂ ನಾನೇ ಓಡಿಸಿದೆ. ಮಿಲಿಟರಿಯಲ್ಲಿ ಫುಟ್‌ಬಾಲ್ ಆಡಿಸಿ ಬಂದವನಂತೆ. ಮೀಸೆ ಇತ್ತು, ಕತ್ತಿನಲ್ಲಿ ಸೀಟಿ ಇತ್ತು, ನಡಿಗೆಯಲ್ಲಿ ಗತ್ತೂ ಇತ್ತು. ಕೆರೆಯ ಬಂಡೆಯ ಮೇಲೆ ಕೂರಿಸಿಕೊಂಡು ಅವನ ಊರಿನಿಂದ ಹಿಡಿದು ಬೂಟಿನ ದಾರದವರೆಗೆ ಎಲ್ಲವನ್ನೂ ಹೀಯಾಳಿಸಿದೆ. ಮೊದಲು ನಕ್ಕ. ಆಮೇಲೆ ಕೆಮ್ಮಿದ. ನಾನು ಮೀಸೆಗೆ ಬಂದ ಕೂಡಲೇ ಎದ್ದು ನಿಂತು, ಕೆರೆಯಲ್ಲಿದ್ದ ಕೊಕ್ಕರೆಗಳೆಲ್ಲ ಹಾರಿಹೋಗುವ ಹಾಗೆ ಕೂಗಿದ.

"ಆಯ್ತು, ಮಧ್ಯಾಹ್ನದ ಬಸ್ ಹತ್ತು" ಅಂದೆ.

ನಮ್ಮ ಕ್ಲಬ್ಬಿಗೆ ಹೊಸ ಮ್ಯಾನೇಜರನ್ನು ಹುಡುಕುವ ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದರು. ಕಾರ್ಯದರ್ಶಿ ನಾನು. ಹೊಟ್ಟೆಪಾಡಿಗೆ ಸುಣ್ಣದ ಗೂಡು ಇದೆ. ಮೈದಾನಕ್ಕೆ ಗೆರೆ ಎಳೆಯುವ ಸುಣ್ಣವೂ ನನ್ನದೇ, ಎಳೆಯುವ ಕೈಯೂ ನನ್ನದೇ. ಹಳೆಯ ಮ್ಯಾನೇಜರ್ ನನ್ನ ಅಣ್ಣ ಜವರಯ್ಯ. ಕಳೆದ ಮಳೆಗಾಲದ ಮೊದಲಲ್ಲಿ, ಹುಡುಗರನ್ನು ಓಡಿಸುತ್ತಿದ್ದವನು ಬೆಂಚಿನ ಮುಂದೆ ಬಂದು ನಿಂತು "ನಿಂಗಾ, ನೀರು ತಾ!" ಎಂದು ಕೂಗಿದ. ತಂದುಕೊಟ್ಟೆ. ಅರ್ಧ ಕುಡಿದ, ಅರ್ಧ ತಲೆಗೆ ಸುರಿದುಕೊಂಡ, ಚೊಂಬನ್ನು ನನ್ನ ಕೈಗಿಟ್ಟು ಕೂತ. ಕೂತವನು ಏಳಲಿಲ್ಲ.

ಬೇರೆ ಊರಾಗಿದ್ದರೆ ಅಲ್ಲಿಗೆ ಮುಗಿಯಿತು. ನಮ್ಮೂರಲ್ಲಿ ಮಣ್ಣಿನ ಮೇಲೆ ನಿಂತು ಕೂಗಿದ್ದು ಮಣ್ಣಿನಲ್ಲೇ ಉಳಿಯುತ್ತದೆ. ಮುಂದೆ ಯಾರ ಕಾಲೋ ಕೈಯೋ ಅಲ್ಲಿ ಬಿದ್ದರೂ ಎದ್ದು ಬರುತ್ತದೆ, ಅದೇ ಮಾತು, ಅದೇ ದನಿ. ಒಂದು ಜಾಗಕ್ಕೆ ಒಂದೇ ಕೂಗು. ಅದರ ಮೇಲೆ ನಿಂತು ಇನ್ನೊಬ್ಬ ಕೂಗಿದನೋ, ಮೊದಲಿನದು ಹೋಯಿತು. ಎಷ್ಟು ತುಳಿದರೂ ಬರುವುದಿಲ್ಲ. ಅದಕ್ಕೇ ನಮ್ಮಲ್ಲಿ ಜಗಳ, ವ್ಯಾಪಾರದ ಚೌಕಾಸಿ, ಬೀಗರ ಹತ್ತಿರದ ಮಾತು ಎಲ್ಲ ಕೆರೆಯ ಬಂಡೆಯ ಮೇಲೆ. ಕಲ್ಲು ಏನನ್ನೂ ಇಟ್ಟುಕೊಳ್ಳುವುದಿಲ್ಲ. ತರಕಾರಿಯವರು ಕೂಗುವುದಿಲ್ಲ, ಗಂಟೆ ಬಾರಿಸುತ್ತಾರೆ. ಹೆಣ ಎತ್ತುವಾಗ ಹೆಂಗಸರು ಸೆರಗನ್ನು ಬಾಯಿಗೆ ತುರುಕಿಕೊಳ್ಳುತ್ತಾರೆ. ಇಲ್ಲದಿದ್ದರೆ ಅಂಗಳ ವರ್ಷವೆಲ್ಲ ಅಳುತ್ತಿರುತ್ತದೆ, ಹಾಲಿನವನು ಕೂಡ ಆ ಮನೆಗೆ ಬರಲು ಹಿಂದೆಮುಂದೆ ನೋಡುತ್ತಾನೆ. ಸಂತೆಬೀದಿಯ ಮೂಲೆಯಲ್ಲಿ ಕಡಲೆಕಾಯಿ ಮಾರುತ್ತಿದ್ದ ಅಜ್ಜಿಯೊಬ್ಬಳ ಕೂಗು ಅವಳು ಸತ್ತ ಮೇಲೂ ಬಹಳ ಕಾಲ ಬಿಸಿಬಿಸಿಯಾಗಿ ಕೇಳುತ್ತಿತ್ತು. ಪುರಸಭೆಯವರು ಅಲ್ಲಿ ಕಾಂಕ್ರೀಟು ಹಾಕಿದರು. ಮುಚ್ಚಿದರೆ ಕೂಗಿಗೆ ಉಸಿರು ಕಟ್ಟುತ್ತದೆ. ಆಮೇಲೆ ಅಗೆದು ನೋಡಿದರೂ ಬರಲಿಲ್ಲ. ಅವಳ ಮೊಮ್ಮಗಳು ಬಂದು ಆ ಮಣ್ಣಿನಲ್ಲಿ ಕಾಲು ಬಡಿದು ಬಡಿದು ನೋಡಿ ಹೋದಳು.

ಅಣ್ಣ ಒಂದು ಕಡೆ ನಿಂತು ಆಡಿಸಿದವನಲ್ಲ. ಹುಡುಗರ ಜೊತೆಗೇ ಓಡುತ್ತಿದ್ದ, ಓಡುತ್ತಲೇ ಕೂಗುತ್ತಿದ್ದ. ಹಾಗಾಗಿ ಮೈದಾನದ ತುಂಬ ಅವನೇ ಇದ್ದ. ಮಧ್ಯದ ಗೆರೆ ದಾಟಿದರೆ "ಮುಂದೆ ನೋಡೋ!" ಕಾರ್ನರಿನ ಹತ್ತಿರ "ಏನ್ ಕೋಣ ಮೇಯಿಸ್ತಿದ್ದೀಯಾ?" ನಮ್ಮ ಗೋಲಿನ ಎಡಗಡೆ "ಬಿಡೋ ಅದನ್ನ!" ಬೇರೆ ಊರಿನ ತಂಡದವರು ಬಂದು ತಮ್ಮ ಬೈಗುಳಗಳನ್ನು ಅಲ್ಲಲ್ಲಿ ಬಿಟ್ಟುಹೋಗಿ ಒಂದಷ್ಟನ್ನು ಅಳಿಸಿದ್ದರು. ಉಳಿದದ್ದನ್ನು ಯಾರು ಅಳಿಸಿದರೂ ನಾನು ತಡೆದುಕೊಳ್ಳುತ್ತಿದ್ದೆನೋ ಏನೋ. ಬೆಂಚಿನ ಮುಂದಿನದನ್ನು ಮಾತ್ರ ಬಿಟ್ಟುಕೊಡಲಾರೆ. ಗೂಡಿನ ಬೆಂಕಿ ಆರಿಸಿ ದಿನಾ ಸಂಜೆ ಅಲ್ಲಿಗೆ ಹೋಗುತ್ತಿದ್ದೆ. ಕಾಲಿಡುತ್ತಿದ್ದೆ. "ನಿಂಗಾ, ನೀರು ತಾ!" ಅನ್ನುತ್ತಿತ್ತು. ನಲ್ಲಿಗೆ ಹೋಗಿ ಒಂದು ಚೊಂಬು ನೀರು ತಂದು ಅಲ್ಲೇ ಸುರಿದು ಮನೆಗೆ ಹೋಗುತ್ತಿದ್ದೆ. ನನ್ನನ್ನು ಸಾಕಿದವನು ಅವನು. ಜೀವಮಾನದಲ್ಲಿ ನನ್ನನ್ನು ಬಯ್ಯದೆ ಹೆಸರು ಹಿಡಿದು ಕರೆದದ್ದು ಎಲ್ಲಾದರೂ ಉಳಿದಿದ್ದರೆ ಆ ಒಂದು ಗೇಣು ನೆಲದಲ್ಲಿ.

ಮ್ಯಾನೇಜರ್ ಅನ್ನುವವನು ನಿಲ್ಲುವುದು ಎಲ್ಲಿ? ಬೆಂಚಿನ ಮುಂದೆ. ಮಾಡುವುದು ಏನು? ಕೂಗುವುದು. ಅದಕ್ಕೇ ಬಂದವರನ್ನೆಲ್ಲ ಬಂಡೆಯ ಮೇಲೆ ಕೂರಿಸಿ ಬಯ್ದು ನೋಡುತ್ತಿದ್ದೆ. ಕೂಗಿದವನಿಗೆ ಬಸ್ಸು.

ಅವತ್ತು ಸಂಜೆ ಅಧ್ಯಕ್ಷ ದೊರೆಸ್ವಾಮಿ ತನ್ನ ಅಕ್ಕಿ ಗಿರಣಿಗೆ ಎಲ್ಲರನ್ನೂ ಕರೆಸಿದ. ಕ್ಯಾಪ್ಟನ್ ಇಮ್ತಿಯಾಜ್ ವೆಲ್ಡಿಂಗ್ ಅಂಗಡಿಯಿಂದ ಹಾಗೇ ಬಂದಿದ್ದ, ಕೈಯೆಲ್ಲ ಮಸಿ. ನಮ್ಮತ್ತಿಗೆ ಚಿಕ್ಕತಾಯಿಯನ್ನೂ ಕರೆದಿದ್ದರು. ಅಣ್ಣ ಹೋದ ಮೇಲೆ ಅವಳೂ ಕಮಿಟಿಯವಳೇ.

"ನಿಂಗಯ್ಯ, ನಿನಗೆ ಮ್ಯಾನೇಜರ್ ಬೇಕೋ ಸನ್ಯಾಸಿ ಬೇಕೋ?" ಅಂದ ದೊರೆಸ್ವಾಮಿ. "ಇಷ್ಟು ದಿನ ನಾನು ಬೆಂಚಿನ ಮೇಲೆ ಕೂತು ಸುಧಾರಿಸಿದೆ. ಲೀಗಿನವರು ನಾನು ನಿದ್ದೆ ಮಾಡೋದನ್ನ ನೋಡಿಬಿಟ್ಟರು."

"ಗೊರಕೇನೂ ಕೇಳಿದ್ರು ಸಾವುಕಾರ್ರೇ" ಅಂದ ಇಮ್ತಿಯಾಜ್. "ನಾವು ಅಲ್ಲಿ ಗೋಲ್ ತಿಂತಿದ್ವಿ, ನೀವು ಇಲ್ಲಿ ಗೊರಕೆ."

"ನಗಬೇಡ. ಸರಿಯಾದ ಮ್ಯಾನೇಜರ್ ಇಲ್ಲದಿದ್ದರೆ ಕೊನೇ ಪಂದ್ಯಕ್ಕೆ ಮೈದಾನಕ್ಕೇ ಬಿಡೋಲ್ಲ ಅಂದಿದ್ದಾರೆ. ಆ ಪಂದ್ಯ ಹೋದರೆ ಎರಡನೇ ಡಿವಿಷನ್ ಹೋಯ್ತು. ಅದರ ಕೆಳಗೆ ಏನಿದೆ? ಏನೂ ಇಲ್ಲ. ಕ್ಲಬ್ಬು ಲೀಗಿನಲ್ಲಿ ಇರೋ ತನಕ ಮೈದಾನ ನಮ್ಮದು. ಆಮೇಲೆ ಪುರಸಭೆಯವರು ಬಸ್ ನಿಲ್ದಾಣ ಮಾಡ್ತಾರೆ."

ಬಸ್ ನಿಲ್ದಾಣ ಅಂದರೆ ಕಾಂಕ್ರೀಟು. ಮೈದಾನದ ಈ ತುದಿಯಿಂದ ಆ ತುದಿಯವರೆಗೆ ಕಾಂಕ್ರೀಟು.

"ಬೆಂಚನ್ನ ಆಚೆ ಹಾಕೋಣ" ಅಂದೆ.

"ಎಲ್ಲಿಗಯ್ಯ? ಈ ಕಡೆ ಚರಂಡಿ, ಆ ಕಡೆ ಎದುರಾಳಿ ಬೆಂಚು. ತಲೆ ಮೇಲೆ ಹಾಕ್ಕೊಳ್ತೀಯಾ?"

ಅತ್ತಿಗೆ ಅಲ್ಲಿಯವರೆಗೆ ಸುಮ್ಮನೆ ಅಕ್ಕಿಯಲ್ಲಿ ಕಲ್ಲು ಹುಡುಕುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ಯಾರಾದ್ರೂ ಕೂಗೋನನ್ನೇ ಕರ್ಕೊಂಡು ಬನ್ನಿ. ಬದುಕಿದ್ದಾಗ ಮನೇಲೂ ಅವರ ಕೂಗು, ಬೀದೀಲೂ ಅವರ ಕೂಗು. ಸತ್ತ ಮೇಲೂ ಕೇಳಬೇಕಾ? ಅಳಿಸಿ ಹೋಗ್ಲಿ ಬಿಡಿ."

"ಅತ್ತಿಗೆ!" ಅಂದೆ. ಗಿರಣಿಯ ನೆಲ ಚಪ್ಪಡಿಯದು, ಆದ್ದರಿಂದ ಜೋರಾಗಿಯೇ ಅಂದೆ.

"ನನ್ನ ಮೇಲೆ ಯಾಕೋ ಹಾರ್ತೀಯ? ಅಣ್ಣನಿಗೆ ತಕ್ಕ ತಮ್ಮ."

ಹೊರಗೆ ಬಂದಾಗ ಇಮ್ತಿಯಾಜ್ ನನ್ನ ಹಿಂದೆಯೇ ಬಂದ. ನಿಕ್ಕರ್ ಹಾಕುವ ಕಾಲದಿಂದ ಅಣ್ಣನ ಹತ್ತಿರ ಆಡಿದವನು ಅವನು. ಈಗ ಗಡ್ಡದಲ್ಲಿ ಒಂದೊಂದು ಬಿಳಿ ಕೂದಲು.

"ನಿಂಗಣ್ಣ, ಮೀಸೆಯವನು ಒಳ್ಳೇ ಕೋಚ್ ಆಗಿದ್ದ. ಯಾಕೆ ಓಡಿಸಿದೆ ಅಂತ ನನಗೆ ಗೊತ್ತು."

"ಗೊತ್ತಿದ್ರೆ ಬಾಯಿ ಮುಚ್ಕೊಂಡಿರು."

"ಇರ್ತೀನಿ. ಜವರಣ್ಣ ನನಗೂ ಅಪ್ಪನ ಥರಾನೇ. ಆದ್ರೆ ಅಪ್ಪ ಸತ್ತಿದ್ದಾರೆ ನಿಂಗಣ್ಣ. ಬಾಲ್ ಕಾಲಿಗೆ ಬಂದಾಗೆಲ್ಲ ಸತ್ತೋರು ಕೂಗಿದ್ರೆ ನಾನು ಹೆಂಗೆ ಆಡ್ಲಿ?"

ಅವತ್ತಿನ ನೀರು ಇನ್ನೂ ಹಾಕಿರಲಿಲ್ಲ. ಮೈದಾನದ ಕಡೆ ನಡೆದೆ.

ನಾಲ್ಕನೆಯದಾಗಿ ಬಂದವಳು ಹೆಂಗಸು. ಹೆಸರು ರೆಜಿನಾ. ಹೊಳೆಯಾಚೆಯ ಕಿವುಡು ಮಕ್ಕಳ ಶಾಲೆಯಲ್ಲಿ ಆಟದ ಟೀಚರಾಗಿದ್ದಳಂತೆ, ಶಾಲೆ ಮುಚ್ಚಿತ್ತು. ಕ್ಯಾನ್ವಾಸ್ ಬೂಟು, ಬಟ್ಟೆಚೀಲ, ಎಣ್ಣೆ ಕಾಣದ ಕೂದಲು. ಬಂಡೆಯ ಮೇಲೆ ಕೂರಿಸಿದೆ. ನನ್ನ ಬೈಗುಳದ ಮೂಟೆಯನ್ನು ಪೂರ್ತಿ ಬಿಚ್ಚಿದೆ. ಹೆಂಗಸೆಂದು ಬಿಡಲಿಲ್ಲ, ಟೀಚರೆಂದು ಬಿಡಲಿಲ್ಲ. ಕಿವುಡರಿಗೆ ಕಲಿಸಿದವಳು ನಮಗೇನು ಕಲಿಸುತ್ತೀಯ, ಶಾಲೆ ಮುಚ್ಚಿದ್ದೂ ನಿನ್ನ ಕಾಲ್ಗುಣಕ್ಕೇ ಇರಬೇಕು ಅಂದೆ. ಅವಳು ಒಂದು ಬೂಟು ಬಿಚ್ಚಿ, ತಲೆಕೆಳಗೆ ಮಾಡಿ, ಒಳಗಿದ್ದ ಹರಳನ್ನು ಕೆಡವಿ, ಮತ್ತೆ ಹಾಕಿಕೊಂಡು ದಾರ ಕಟ್ಟಿದಳು.

"ಮುಗೀತಾ ಸರ್?" ಅಂದಳು ಮೆಲ್ಲಗೆ. "ಇನ್ನೂ ಇದ್ರೆ ಹೇಳಿ. ನಿಮ್ಮ ತುಟಿ ಓದೋದು ಬಹಳ ಸುಲಭ. ದೊಡ್ಡದಾಗಿ ಅಲ್ಲಾಡಿಸ್ತೀರಿ."

"ಮೈದಾನದಲ್ಲಿ ಕೂಗ್ತೀಯಾ?"

"ಅಭ್ಯಾಸ ತಪ್ಪಿಹೋಗಿದೆ. ಕೈ ಬೀಸ್ತೀನಿ."

ಅವಳನ್ನೇ ಸೇರಿಸಿಕೊಂಡೆವು. ನಾನು ಆಟ ಬಲ್ಲ ಮ್ಯಾನೇಜರನ್ನು ಆರಿಸಲಿಲ್ಲ, ಬಾಯಿ ಬಿಡದವಳನ್ನು ಆರಿಸಿದೆ. ಆಟವೂ ಬಲ್ಲವಳಾಗಿದ್ದದ್ದು ಕ್ಲಬ್ಬಿನ ಪುಣ್ಯ.

ಮೊದಲ ದಿನದ ಅಭ್ಯಾಸ ನೋಡಲು ಹೋದೆ. ಒಂದು ಕೈಯಲ್ಲಿ ಕೆಂಪು ವಸ್ತ್ರ, ಇನ್ನೊಂದರಲ್ಲಿ ಹಳದಿ. ಕೆಂಪು ಎತ್ತಿದರೆ ಹಿಂದೆ ಸರಿಯಬೇಕು, ಹಳದಿ ಎತ್ತಿದರೆ ಮುನ್ನುಗ್ಗಬೇಕು. ಹುಡುಗರು ಒಂದೇ ಸಮನೆ ತಲೆಯೆತ್ತಿ ಅವಳನ್ನು ನೋಡುತ್ತ ಓಡುತ್ತಿದ್ದರು. ಅವರ ಕಾಲಡಿಯಿಂದ ಅಣ್ಣ ಅಲ್ಲಲ್ಲಿ ಏಳುತ್ತಿದ್ದ, ಒಬ್ಬನೂ ತಿರುಗಿ ನೋಡುತ್ತಿರಲಿಲ್ಲ. ಹತ್ತಿರ ಹೋಗಿ ನೋಡಿದೆ. ಎಲ್ಲರ ಕಿವಿಯಲ್ಲೂ ಹತ್ತಿ!

ಸಿಟ್ಟು ನೆತ್ತಿಗೇರಿತು. ಅಲ್ಲೇ ಬಾಯಿ ತೆಗೆದಿದ್ದೆ. ಅವಳು ತುಟಿಯ ಮೇಲೆ ಬೆರಳಿಟ್ಟು ನನ್ನ ಕಾಲಿನ ಕಡೆ ತೋರಿಸಿದಳು. ನಾನು ಮಧ್ಯದ ಗೆರೆಯ ಮೇಲೆ, ಅಣ್ಣನ "ಮುಂದೆ ನೋಡೋ!" ಮೇಲೆ ನಿಂತಿದ್ದೆ. ಬಾಯಿ ಮುಚ್ಚಿಕೊಂಡು, ಹಲ್ಲು ಕಚ್ಚಿಕೊಂಡು, ಜನ ಕೂರುವ ಕಲ್ಲಿನ ಮೆಟ್ಟಿಲಿನವರೆಗೆ ನಡೆದುಹೋಗಿ, ಮೆಟ್ಟಿಲು ಹತ್ತಿದ ಮೇಲೆ ಕೂಗಿದೆ.

"ನನ್ನಣ್ಣನ ಮಾತಿಗೆ ಹತ್ತಿ ತುರುಕ್ತೀಯಾ? ಯಾರಮ್ಮ ನೀನು? ನಿನ್ನೆ ಬಂದೋಳು!"

ಅವಳು ಕೆಳಗೆ ನಿಂತೇ ಕೇಳಿಸಿಕೊಂಡಳು. ಆಮೇಲೆ ಹತ್ತಿ ಬಂದು ಪಕ್ಕದಲ್ಲಿ ಕೂತಳು.

"ನಿಮ್ಮಣ್ಣ ಹೇಳಿದ್ದೆಲ್ಲ ಸರಿ ಸರ್. ಆದ್ರೆ ಅದು ಅವತ್ತಿನ ಆಟಕ್ಕೆ. ಇಮ್ತಿಯಾಜ್ ನಿಲ್ಲೋ ಕಡೆ 'ಬಿಡೋ ಅದನ್ನ' ಅಂತಾರೆ. ಯಾವತ್ತೋ ಬಾಲ್ ಹೊರಗೆ ಹೋಗ್ತಿತ್ತು, ಬಿಡು ಅಂದಿರ್ತಾರೆ. ಇವತ್ತು ಬಾಲ್ ಗೋಲಿಗೆ ಹೋಗ್ತಿದ್ರೂ ಆ ಮನುಷ್ಯ ಬಿಡ್ತಾನೆ. ಚಿಕ್ಕಂದಿನಿಂದ ಕೇಳಿದ ಮಾತು, ಕಾಲು ತಾನಾಗಿ ಬಿಡುತ್ತೆ."

"ಅದಕ್ಕೆ?"

"ಉಳಿದದ್ದೆಲ್ಲ ಇರ್ಲಿ. ಅದೊಂದನ್ನ ಅಳಿಸಿಬಿಡಿ. ಅದರ ಮೇಲೆ ನಿಂತು ನೀವೇ ಏನಾದ್ರೂ ಕೂಗಿ. ನಿಮ್ಮ ದನಿ ಆದ್ರೆ ಮನೆಯವರದ್ದೇ ಆಯ್ತಲ್ಲ. ಹತ್ತಿ ಯಾವಾಗ ಉದುರುತ್ತೋ ನಂಬೋಕಾಗಲ್ಲ."

"ಒಂದನ್ನೂ ಅಳಿಸೋಲ್ಲ."

ಅವಳು ಬೆಂಚಿನ ಕಡೆ ನೋಡುತ್ತ ಹೇಳಿದಳು: "ಮೈದಾನವೆಲ್ಲ ಹುಲ್ಲು ಒಣಗಿದೆ. ಬೆಂಚಿನ ಮುಂದೆ ಒಂದು ಅಂಗೈಯಗಲ ಮಾತ್ರ ಹಸಿರು. ಯಾರೋ ದಿನಾ ನೀರು ಹಾಕ್ತಾರೆ ಅನ್ನಿಸ್ತು. ಅಲ್ಲಿ ನಾನು ಕಾಲಿಡಲ್ಲ ಸರ್. ಕುರ್ಚೀನ ಪಕ್ಕಕ್ಕೆ ಹಾಕ್ಕೊಂಡಿದ್ದೀನಿ."

ನೋಡಿದೆ. ನಾನು ಎಳೆದ ಸುಣ್ಣದ ಚೌಕದಲ್ಲಿ ಅವಳ ಕಬ್ಬಿಣದ ಕುರ್ಚಿ ಒಂದು ಮೂಲೆಗೆ ಒತ್ತಿಕೊಂಡು, ಚರಂಡಿಗೆ ಬೀಳುವ ಹಾಗೆ ಇತ್ತು. ಎದ್ದು ಗೂಡಿಗೆ ಹೋದೆ.

ಮಾರನೆಯ ದಿನ ಯಾರೂ ಇಲ್ಲದ ಹೊತ್ತು ನೋಡಿ ಗೋಲಿನ ಎಡಗಡೆಗೆ ಹೋದೆ. ಅವಳು ಹೇಳಿದ್ದು ನ್ಯಾಯ ಎಂದು ಗೊತ್ತಿತ್ತು. ಕಾಲಿಟ್ಟೆ. "ಬಿಡೋ ಅದನ್ನ!" ಅಂದ ಅಣ್ಣ. ಅಂಥ ದೊಡ್ಡ ಮಾತೇನಲ್ಲ ಅದು, ಯಾರಿಗೆ ಹೇಳಿದ್ದೋ ಏನೋ. ಏನಾದರೂ ಕೂಗಿ ಮುಗಿಸೋಣ ಎಂದು ಎದೆ ತುಂಬ ಉಸಿರು ಎಳೆದುಕೊಂಡೆ. "ಬಿಡೋ" ಅನ್ನುವಾಗ ಕೊನೆಯಲ್ಲಿ ಅವನಿಗೊಂದು ಸಣ್ಣ ನಗು ಬಂದ ಹಾಗೆ ಇತ್ತು. ಅಷ್ಟು ದಿನ ಆ ನಗುವನ್ನು ಗಮನಿಸಿರಲಿಲ್ಲ. ಎಳೆದುಕೊಂಡ ಉಸಿರನ್ನು ಹಾಗೇ ಬಿಟ್ಟು ಬಂದೆ. ರೆಜಿನಾ ಕೇಳಿದಾಗ "ನೋಡೋಣ" ಅಂದೆ. ಇಮ್ತಿಯಾಜ್ ಕೇಳಿದಾಗ "ನಿನ್ನ ವೆಲ್ಡಿಂಗ್ ನೋಡ್ಕೋ ಹೋಗು" ಅಂದೆ.

ಕೊನೆಯ ಪಂದ್ಯದ ದಿನ ಬೆಳಗಿನಿಂದಲೇ ಮೋಡ. ಗೆದ್ದರೂ ಸರಿ, ಡ್ರಾ ಆದರೂ ಸರಿ, ಡಿವಿಷನ್ನಿನಲ್ಲಿ ಉಳಿಯುತ್ತಿದ್ದೆವು. ಸೋತರೆ ಬಸ್ ನಿಲ್ದಾಣ. ಪುರಸಭೆಯ ಇಂಜಿನಿಯರು ಟೇಪು ಹಿಡಿದ ಇಬ್ಬರ ಜೊತೆ ಬಂದು ಮೆಟ್ಟಿಲಿನ ಮೇಲೆ ನನ್ನ ಹಿಂದಿನ ಸಾಲಿನಲ್ಲೇ ಕೂತಿದ್ದ. ಆಟ ನೋಡಲು ಬಂದೆ ಅಂದ. ಟೇಪು ಯಾಕೆ ಎಂದು ಕೇಳಿದೆ. ಹಲ್ಲು ಕಿರಿದ. ಅತ್ತಿಗೆಯೂ ಬಂದು, ಸೆರಗು ತಲೆಗೆ ಹೊದ್ದು, ದೂರದಲ್ಲಿ ಒಬ್ಬಳೇ ಕೂತಿದ್ದಳು.

ಆಟ ಶುರುವಾದ ಸ್ವಲ್ಪ ಹೊತ್ತಿಗೇ ನಮ್ಮವರು ಒಂದು ಗೋಲು ಹೊಡೆದರು. ರೆಜಿನಾಳ ಹಳದಿ ವಸ್ತ್ರ ಎದ್ದದ್ದೇ ತಡ, ಮೂವರು ಒಟ್ಟಿಗೆ ನುಗ್ಗಿದರು, ಎದುರಾಳಿಗಳಿಗೆ ಎಲ್ಲಿಂದ ಬಂದರೆಂದೇ ತಿಳಿಯಲಿಲ್ಲ. ಅವರ ಮ್ಯಾನೇಜರು ಗಂಟಲು ಹರಿದುಕೊಂಡು ತನ್ನ ಹುಡುಗರನ್ನು ಬೈಯುತ್ತಿದ್ದ. ನಮ್ಮ ಬೆಂಚಿನಲ್ಲಿ ಸದ್ದಿಲ್ಲ. ದೊರೆಸ್ವಾಮಿ ನನ್ನ ತೊಡೆ ಹಿಂಡಿ, "ಸನ್ಯಾಸಿನೇ ಸರಿಯಾಯ್ತು ಕಣಯ್ಯ" ಅಂದ. ಹಾಫ್ ಟೈಮಿನಲ್ಲಿ ಇಂಜಿನಿಯರಿಗೆ ಕೇಳಿಸುವ ಹಾಗೆ, ಬಸ್ಸು ಹಿಡಿಯಬೇಕಾದವರು ಈಗಲೇ ಹೊರಡಬಹುದು ಅಂದೆ.

ಆಮೇಲೆ ಹನಿಯತೊಡಗಿತು. ಜೋರು ಮಳೆಯಲ್ಲ, ತಲೆ ನೆನೆಸುವಷ್ಟು. ಬಾಲು ಒದ್ದೆಯಾಗಿ ಭಾರವಾಯಿತು. ಎತ್ತರದಲ್ಲಿ ಬಂದದ್ದೊಂದನ್ನು ಇಮ್ತಿಯಾಜ್ ತಲೆಯಲ್ಲಿ ಹೊಡೆದ. ಹೊಡೆದ ರಭಸಕ್ಕೆ ನೆನೆದು ಮುದ್ದೆಯಾಗಿದ್ದ ಹತ್ತಿ ಎರಡು ಕಿವಿಯಿಂದಲೂ ಉದುರಿತು. ಅವನು ಬಗ್ಗಿ ಹುಡುಕುವಷ್ಟರಲ್ಲಿ ಆಟ ಮತ್ತೆ ಅವನ ಕಡೆಗೇ ಬಂತು. ರೆಜಿನಾ ಕೆಂಪು ಬೀಸಿದಳು, ಎರಡು ಕೈಯಲ್ಲೂ ಬೀಸಿದಳು. ಅವನು ಗೋಲಿನ ಎಡಗಡೆಗೆ ಓಡಿದ. ಬಾಲು ಅವನ ಕಾಲಿಗೇ ಬಂತು. ಒದ್ದು ಹೊರಗೆ ಹಾಕುವುದಷ್ಟೇ ಬಾಕಿ.

"ಬಿಡೋ ಅದನ್ನ!"

ಮೆಟ್ಟಿಲಿನವರೆಗೂ ಕೇಳಿಸಿತು. ಇಮ್ತಿಯಾಜ್ ಬಿಟ್ಟ. ಕಾಲನ್ನು ಹಿಂದಕ್ಕೆ ಎಳೆದುಕೊಂಡ, ಚಿಕ್ಕ ಹುಡುಗನಾಗಿದ್ದಾಗ ಎಳೆದುಕೊಳ್ಳುತ್ತಿದ್ದ ಹಾಗೆಯೇ. ಬಾಲು ಅವನ ಪಕ್ಕದಿಂದ ಉರುಳಿತು, ಹಿಂದೆ ಬಂದ ಎದುರಾಳಿ ಮುಟ್ಟಿದ ಅಷ್ಟೇ. ಗೋಲು. ಇಮ್ತಿಯಾಜ್ ಅಲ್ಲೇ ಮಂಡಿಯೂರಿ ಮಣ್ಣಿಗೆ ಕೈ ಊರಿದ. ಅವನ ಕೈಯಡಿಯಿಂದ ಅಣ್ಣ ಮತ್ತೊಮ್ಮೆ "ಬಿಡೋ ಅದನ್ನ!" ಅಂದ.

ಹಿಂದಿನ ಸಾಲಿನಲ್ಲಿ ಟೇಪು ಎಳೆದು ಬಿಟ್ಟ ಸದ್ದು ಕೇಳಿಸಿತು. ತಿರುಗಲಿಲ್ಲ.

ಡ್ರಾ ಆದರೂ ಸಾಕಿತ್ತು, ಇನ್ನು ಸ್ವಲ್ಪ ಹೊತ್ತು ತಡೆದರೆ ಸಾಕಿತ್ತು. ಆದರೆ ಎದುರಾಳಿಗಳಿಗೆ ನಮ್ಮ ಗುಟ್ಟು ಸಿಕ್ಕಿಹೋಗಿತ್ತು. ಬಾಲನ್ನು ಬೇರೆಲ್ಲೂ ಒಯ್ಯದೆ ಅದೇ ಮೂಲೆಗೆ, ಅದೇ ಜಾಗಕ್ಕೆ ತರತೊಡಗಿದರು. ಇಮ್ತಿಯಾಜ್ ಕೈಗಳಿಂದ ಕಿವಿ ಮುಚ್ಚಿಕೊಂಡು ಓಡುತ್ತಿದ್ದ. ಕೈ ಬಿಡದೆ ಆಡಲು ಬರುವುದಿಲ್ಲ. ಕೈ ಬಿಟ್ಟರೆ ಅಣ್ಣ. ರೆಫರಿ ಗಡಿಯಾರ ನೋಡಿಕೊಂಡ. ಅಷ್ಟರಲ್ಲಿ ಅವರ ಒಬ್ಬ ಉದ್ದನೆಯ ಹುಡುಗ ನಮ್ಮವರಿಬ್ಬರನ್ನು ದಾಟಿ, ಮತ್ತೆ ಅಲ್ಲಿಗೇ ಬಂದ. ಅವನೆದುರು ಇಮ್ತಿಯಾಜ್ ಒಬ್ಬನೇ.

ನಾನು ಯಾವಾಗ ಎದ್ದೆನೋ, ಮೆಟ್ಟಿಲುಗಳನ್ನು ಹೇಗೆ ಇಳಿದೆನೋ ಗೊತ್ತಿಲ್ಲ. ಬೆಂಚು ದಾಟಿದೆ. ರೆಜಿನಾ ನನ್ನ ಅಂಗಿಯ ತೋಳು ಹಿಡಿದಳು, ಕೊಡವಿದೆ. ಅಲ್ಲಿ "ಬಿಡೋ ಅದನ್ನ!" ಎಂದು ಅಣ್ಣ ಕೂಗಿದ, ಇಮ್ತಿಯಾಜನ ಕಾಲು ಗಾಳಿಯಲ್ಲಿ ನಿಂತಿತು. ಇಲ್ಲಿ ನನ್ನ ಕಾಲಡಿಯಿಂದ "ನಿಂಗಾ, ನೀರು ತಾ!" ಅಂದ.

"ಬಾಯಿ ಮುಚ್ಚೋ ಅಣ್ಣಾ!"

ಹುಟ್ಟಿದಾಗಿನಿಂದ ಅವನಿಗೆ ಎದುರು ಮಾತಾಡಿದವನಲ್ಲ ನಾನು. ಊರಿಗೆಲ್ಲ ಬೈದಿದ್ದೇನೆ, ಅವನ ಮುಂದೆ ದನಿ ಎತ್ತಿದವನಲ್ಲ. ಎದೆಯಲ್ಲಿದ್ದ ಅಷ್ಟೂ ಗಾಳಿಯನ್ನು ಖರ್ಚು ಮಾಡಿ ಕೂಗಿದೆ. ಇಮ್ತಿಯಾಜ್ ಬೆಚ್ಚಿ ತಲೆ ಎತ್ತಿದ. ಸತ್ತವನ ಕೂಗಿನ ಮೇಲೆ ಬದುಕಿದ್ದವನ ಕೂಗು ಬಿತ್ತು, ಅವನ ಕಾಲು ಅವನದಾಯಿತು. ಒದ್ದ. ಬಾಲು ಚರಂಡಿಯಾಚೆ ಹೋಗಿ ಬಿತ್ತು. ರೆಫರಿ ಸೀಟಿ ಊದಿದ.

ಜನ ಕುಣಿದರು. ದೊರೆಸ್ವಾಮಿ ಪಂಚೆ ಎತ್ತಿ ಕಟ್ಟಿ ಹುಡುಗರ ಜೊತೆ ಕುಣಿಯಲು ಹೋಗಿ ಜಾರಿ ಬಿದ್ದ. ಇಂಜಿನಿಯರು ಟೇಪು ಸುತ್ತಿಕೊಂಡು ಎದ್ದುಹೋದ. ಇಮ್ತಿಯಾಜ್ ಅಷ್ಟು ದೂರದಿಂದ ಓಡಿ ಬಂದವನು ನನ್ನ ಮುಖ ನೋಡಿ, ನನ್ನ ಕಾಲಿನ ಕಡೆ ನೋಡಿ, ಹತ್ತು ಹೆಜ್ಜೆ ಆಚೆಯೇ ನಿಂತುಬಿಟ್ಟ. ನಾನು ಎಲ್ಲಿ ನಿಂತಿದ್ದೇನೆಂದು ಆಗ ನನಗೆ ತಿಳಿಯಿತು. ಕಾಲು ಕೀಳಲು ಧೈರ್ಯವಾಗಲಿಲ್ಲ. ಎತ್ತಿ ಮತ್ತೆ ಇಟ್ಟರೆ ಗೊತ್ತಾಗಿಬಿಡುತ್ತದೆ. ಎಲ್ಲರೂ ಹೋಗುವವರೆಗೆ, ಹನಿ ನಿಲ್ಲುವವರೆಗೆ, ಒಂದೇ ಕಡೆ ಗೂಟ ಹೊಡೆದ ಹಾಗೆ ನಿಂತಿದ್ದೆ. ರೆಜಿನಾ ಕುರ್ಚಿಯಲ್ಲಿ ಕೂತೇ ಇದ್ದಳು. ಕೊನೆಗೆ ಎತ್ತಿದೆ. ಇಟ್ಟೆ.

"ಬಾಯಿ ಮುಚ್ಚೋ ಅಣ್ಣಾ!"

ಮತ್ತೆ ಇಟ್ಟೆ. ಹಿಮ್ಮಡಿಯಲ್ಲಿ ಇಟ್ಟೆ, ಬೆರಳಿನಲ್ಲಿ ಇಟ್ಟೆ, ಪಕ್ಕಕ್ಕೆ ಒಂದಿಷ್ಟು ಸರಿದು ಇಟ್ಟೆ. ಎಲ್ಲೆಲ್ಲೂ ನಾನೇ.

ಮಾರನೆಯ ಸಂಜೆ ಹೋದಾಗ ಅತ್ತಿಗೆ ಅಲ್ಲಿದ್ದಳು. ಬೆಂಚಿನ ಮುಂದೆ ಚಪ್ಪಲಿ ಬಿಟ್ಟು, ಬರಿಗಾಲಿನಲ್ಲಿ ಆ ಹುಲ್ಲಿನ ಮೇಲೆ ನಿಂತಿದ್ದಳು. ನನ್ನ ಕೂಗು ಎದ್ದು ಅಡಗಿದ ಮೇಲೆ ಹೇಳಿದಳು: "ಮದುವೆಯಾದಾಗಿನಿಂದ ನಾನು ಅನ್ನಬೇಕು ಅಂತಿದ್ದದ್ದನ್ನ ನೀನು ಅಂದೆ ಕಣೋ."

ನಗುತ್ತಿದ್ದಾಳೆ ಅಂದುಕೊಂಡೆ. ಇಲ್ಲ.

"ಎಲ್ಲಾನೂ ಅಳಿಸಿ ಹೋಗ್ಲಿ ಅಂತ ನೀನೇ ಅಂದಿದ್ದೆ" ಅಂದೆ.

"ಬಯ್ಗುಳಾನ ಅಂದಿದ್ದೆ. ನೀರು ಕೇಳಿದ್ದನ್ನ ಅಂದ್ನಾ?" ಸೆರಗಿನ ತುದಿಯನ್ನು ಬಾಯಿಗೆ ಇಟ್ಟುಕೊಂಡಳು, ಆಮೇಲೆ ತೆಗೆದಳು. "ನೀನು ಸಂಜೆ ಬರ್ತಿದ್ದೆ. ನಾನು ಬೆಳಗ್ಗೆ ಬರ್ತಿದ್ದೆ, ಬಾಗಿಲಿಗೆ ನೀರು ಹಾಕೋಕೂ ಮುಂಚೆ. ಕರೀತಿದ್ದದ್ದು ನಿನ್ನನ್ನೇ. ಆದ್ರೂ ದನಿ ಅವರದೇ ಅಲ್ವಾ."

ನನಗೆ ಗೊತ್ತಿರಲಿಲ್ಲ. ಹುಲ್ಲು ಅಷ್ಟು ಹಸಿರಾಗಿದ್ದದ್ದು ನನ್ನ ಒಂದು ಚೊಂಬು ನೀರಿಗಷ್ಟೇ ಅಲ್ಲ ಎಂದು ಆಗ ಹೊಳೆಯಿತು.

"ಸಿಟ್ಟಲ್ಲಿ ಕುಯ್ದ ಮೂಗು ಆಮೇಲೆ ಬರೋಲ್ಲ ಅಂತಾರೆ" ಅಂದಳು. ಚಪ್ಪಲಿ ಮೆಟ್ಟಿಕೊಂಡು ಹೋದಳು. ಅದಾದ ಮೇಲೆ ಮೈದಾನದ ಕಡೆ ಬಂದಿಲ್ಲ.

ಗೋಲಿನ ಎಡಗಡೆಯ "ಬಿಡೋ ಅದನ್ನ!" ಮುಂದಿನ ಸೀಸನ್ನಿಗೆ ಮೊದಲು ಇಮ್ತಿಯಾಜನೇ ಅಳಿಸಿದ. ನನ್ನನ್ನು ಕೇಳಿದ, ಹೂಂ ಅಂದೆ. ಅದರ ಮೇಲೆ ನಿಂತು ಅವನು ಕೂಗಿದ್ದು "ಜವರಣ್ಣಾ!" ಅಂತ. ಬೇರೇನೂ ತೋಚಲಿಲ್ಲವಂತೆ. ಈಗ ಅಲ್ಲಿ ಯಾರು ಕಾಲಿಟ್ಟರೂ ಮೈದಾನ ಅಣ್ಣನನ್ನು ಕರೆಯುತ್ತದೆ. ಓಗೊಡುವವನಿಲ್ಲ.

ಅಭ್ಯಾಸ ಶುರುವಾದ ದಿನ ನಾನು ಸುಣ್ಣದ ಬಕೆಟ್ಟು ಹಿಡಿದು ಬೆಂಚಿನ ಮುಂದಿನ ಚೌಕಕ್ಕೆ ಗೆರೆ ಎಳೆಯುತ್ತಿದ್ದೆ. ರೆಜಿನಾ ತನ್ನ ಕಬ್ಬಿಣದ ಕುರ್ಚಿಯನ್ನು ಎತ್ತಿಕೊಂಡು ಬಂದು ಪಕ್ಕದಲ್ಲಿ ನಿಂತಳು.

"ಸರ್, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ" ಅಂದಳು. "ಮೂಲೇಲಿ ಕೂತ್ರೆ ಆ ಕಡೆ ಹುಡುಗ್ರಿಗೆ ನನ್ನ ಕೈ ಕಾಣಲ್ಲ. ಇನ್ನು ಮೇಲೆ ಕುರ್ಚೀನ ಮಧ್ಯಕ್ಕೆ ಹಾಕ್ಕೊಳ್ಳಲಾ?"

ಒಂದು ಗೆರೆ ಪೂರ್ತಿ ಎಳೆದು ಮುಗಿಸಿದೆ. ಅದು ವಕ್ರವಾಯಿತು. "ಹಾಕ್ಕೊಳ್ಳಮ್ಮ" ಅಂದೆ.

ಅವಳು ಆ ಹಸಿರಿನ ಮೇಲೆ ಕಾಲಿಡದೆ, ಸುತ್ತಿ ಬಂದು, ದೂರದಿಂದಲೇ ಕೈ ಚಾಚಿ ಕುರ್ಚಿಯನ್ನು ಇಟ್ಟಳು. ನಾಲ್ಕು ಕಾಲುಗಳ ನಡುವೆ ಆ ಹುಲ್ಲು. ಕುರ್ಚಿಯ ಕಾಲಿಗೆ ಮಣ್ಣು ಮಾತಾಡುವುದಿಲ್ಲ. ಅವಳು ಕೂತಾಗ ಮಾತ್ರ ಒಮ್ಮೊಮ್ಮೆ ಬೂಟು ತಗಲುತ್ತದೆ, ನಾನು ಕೂಗುತ್ತೇನೆ. ಬೇರೆ ಊರಿನಿಂದ ಆಡಲು ಬರುವವರು ಬೆಚ್ಚಿ ನೋಡುತ್ತಾರೆ. ಇದು ಸತ್ತುಹೋದ ಜವರಯ್ಯನ ದನಿ ಇರಬೇಕು ಎಂದು ಮಾತಾಡಿಕೊಳ್ಳುತ್ತಾರೆ. ನಮ್ಮೂರಿನ ಹೊಸ ಹುಡುಗರೂ ಹಾಗೇ ಅಂದುಕೊಂಡಿದ್ದಾರೆ. ಅಣ್ಣತಮ್ಮಂದಿರ ದನಿ ಒಂದೇ ಥರ ಅಂತೆ. ನಾನು ತಿದ್ದಲು ಹೋಗುವುದಿಲ್ಲ.

ಗೂಡಿನ ಬೆಂಕಿ ಆರಿಸಿ ಈಗಲೂ ಸಂಜೆ ಹೋಗುತ್ತೇನೆ. ಅಷ್ಟು ಹೊತ್ತಿಗೆ ಅವಳು ಕುರ್ಚಿ ಮಡಚಿ ಬೆಂಚಿಗೆ ಒರಗಿಸಿ ಹೋಗಿರುತ್ತಾಳೆ. ಯಾರೂ ನೀರು ಕೇಳುವುದಿಲ್ಲ. ನಾನೇ ನಲ್ಲಿಗೆ ಹೋಗುತ್ತೇನೆ. ಅತ್ತಿಗೆಯ ಪಾಲಿನದೂ ಸೇರಿಸಿ ಎರಡು ಚೊಂಬು ತರುತ್ತೇನೆ, ಹತ್ತಿರ ಹೋಗದೆ, ಕಾಲು ತಗಲದ ಹಾಗೆ, ಬಗ್ಗಿ ಸುರಿಯುತ್ತೇನೆ.